ದೋಷದ ಕಡತ: ಬಡಾವಣೆಗಳ ವೆಬ್ ಕಸುಬಿನ ಒಂದು ಅಧ್ಯಾಯ

ದಕ್ಷಿಣ ಬೆಂಗಳೂರಿನ ಗಣಕೋದ್ಯಮದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1983ನೇ ಇಸವಿಯಿಂದ ಆರಂಭಿಸುತ್ತಾರೆ. ಆ ವರ್ಷ ಪುಣೆಯಿಂದ ಬಂದ ಇನ್ಫೋಸಿಸ್ ಜಯನಗರದಲ್ಲಿ ಕಚೇರಿ ತೆರೆದು, ಆಡುಗೋಡಿಯ ಮೈಕೋ ಕಾರ್ಖಾನೆಗೆ ತಂತ್ರಾಂಶ ಬರೆದುಕೊಡುವ ಕೆಲಸ ಹಿಡಿಯಿತು. ಆ ಸಂಸ್ಥೆ ಬೆಳೆದು ಎಲೆಕ್ಟ್ರಾನಿಕ್ ಸಿಟಿಗೆ ಹೋದ ಮೇಲೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಉಳಿದುಕೊಂಡದ್ದು ಇನ್ನೊಂದು ಬಗೆಯ ಕಸುಬು. ಮನೆಯ ಕೆಳ ಅಂತಸ್ತನ್ನೋ ಅಂಗಡಿಯ ಮೇಲಂತಸ್ತನ್ನೋ ಬಾಡಿಗೆಗೆ ಹಿಡಿದು, ಶಾಲೆ, ಕಲ್ಯಾಣ ಮಂಟಪ, ಆಭರಣದಂಗಡಿ, ಮಠಗಳಿಗೆ ಜಾಲತಾಣ ಕಟ್ಟಿಕೊಡುತ್ತಿದ್ದ ಸಣ್ಣ ತಂಡಗಳ ಕಸುಬು ಅದು. ಆ ಕಸುಬಿನ ದಿನನಿತ್ಯದ ಉಪಕರಣ ಬಹುಮಟ್ಟಿಗೆ ಪಿಎಚ್‌ಪಿ ಎಂಬ ಸ್ಕ್ರಿಪ್ಟ್ ಭಾಷೆ. ಅದರ ಎಂಜಿನ್ ತನ್ನ ತಪ್ಪುಗಳನ್ನು ಯಾರಿಗೆ, ಎಲ್ಲಿ, ಎಷ್ಟು ಹೇಳಬೇಕೆಂದು ನಿರ್ಧರಿಸುವ ಕೆಲವೇ ಸಾಲುಗಳ ಸೆಟ್ಟಿಂಗ್, ನೋಡಲು ಕ್ಷುಲ್ಲಕವಾದರೂ, ಆ ಕಸುಬಿನ ಚರಿತ್ರೆಯನ್ನು ಸಾಕಷ್ಟು ಹೇಳುತ್ತದೆ.

ಸ್ಕ್ರಿಪ್ಟ್ ಎಂಜಿನ್ ಎಂದರೆ, ಬರೆದ ಸಾಲುಗಳನ್ನು ಮುಂಚಿತವಾಗಿ ಯಂತ್ರಭಾಷೆಗೆ ಇಳಿಸಿಡದೆ, ಪುಟ ಬೇಕೆಂದಾಗ ಓದಿ ನಡೆಸುವ ತಂತ್ರಾಂಶ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ ಪಿಎಚ್‌ಪಿಯನ್ನು ಝೀವ್ ಸುರಾಸ್ಕಿ ಮತ್ತು ಆಂಡಿ ಗುಟ್‌ಮನ್ಸ್ ಹೊಸದಾಗಿ ಬರೆದು 1998ರಲ್ಲಿ ಮೂರನೇ ಆವೃತ್ತಿಯಾಗಿಸಿದರು. ಇಬ್ಬರ ಹೆಸರುಗಳನ್ನು ಕೂಡಿಸಿ ‘ಝೆಂಡ್’ ಎಂದು ಕರೆಯಲಾದ ಎಂಜಿನ್ 2000ದ ನಾಲ್ಕನೇ ಆವೃತ್ತಿಯೊಂದಿಗೆ ಬಂದಿತು. ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರ್’ ಎಂದು ಆರಂಭವಾಗಿ 2005ರಲ್ಲಿ ‘ಫಾಸ್.ಇನ್’ ಎಂದು ಹೆಸರು ಬದಲಿಸಿಕೊಂಡ ಸಮ್ಮೇಳನಕ್ಕೆ ಲೆರ್ಡಾರ್ಫ್ ಸ್ವತಃ ಬಂದು ಮಾತನಾಡಿದ್ದುಂಟು.

ಎಂಜಿನ್ನಿನ ನಡವಳಿಕೆಯನ್ನು ನಿಗದಿಪಡಿಸುವ ‘ಪಿಎಚ್‌ಪಿ.ಐಎನ್‌ಐ’ ಎಂಬ ಕಡತದಲ್ಲಿ ದೋಷಗಳಿಗೆ ಸಂಬಂಧಿಸಿ ಮುಖ್ಯವಾದವು ಮೂರು: ಯಾವ ಬಗೆಯ ದೋಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆನ್ನುವ ‘ಎರರ್ ರಿಪೋರ್ಟಿಂಗ್’, ಅದನ್ನು ಪುಟದಲ್ಲೇ ತೋರಿಸಬೇಕೇ ಎನ್ನುವ ‘ಡಿಸ್‌ಪ್ಲೇ ಎರರ್ಸ್’, ಲಾಗ್‌ನಲ್ಲಿ, ಅಂದರೆ ಸರ್ವರಿನ ದಾಖಲೆ ಕಡತದಲ್ಲಿ, ಬರೆದಿಡಬೇಕೇ ಎನ್ನುವ ‘ಲಾಗ್ ಎರರ್ಸ್’. ದೋಷದ ಬಗೆಗಳಿಗೆ 1, 2, 4, 8 ಎಂದು ದ್ವಿಗುಣವಾಗುತ್ತ ಹೋಗುವ ಸಂಖ್ಯೆಗಳಿದ್ದು, ಬೇಕಾದವನ್ನು ಕೂಡಿಸಿ ಬರೆಯುವುದು ಪದ್ಧತಿ. ಮೂರನೇ ಆವೃತ್ತಿಯ ಪೂರ್ವನಿಗದಿತ ಮೌಲ್ಯ 7, ಅಂದರೆ ಮಾರಕ ದೋಷ, ಎಚ್ಚರಿಕೆ ಮತ್ತು ವ್ಯಾಕರಣ ದೋಷ ಮಾತ್ರ. ಎಲ್ಲವನ್ನೂ ಕೇಳುವ ‘ಇ-ಆಲ್’ ಎಂಬ ಸ್ಥಿರಾಂಕದ ಬೆಲೆ 5.0ರಲ್ಲಿ 2047, 5.3ರಲ್ಲಿ 30719, 5.4ರಲ್ಲಿ 32767 ಎಂದು ಬದಲಾಗುತ್ತ ಹೋಯಿತು. ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್‌ನಲ್ಲಿ ಮುಖ್ಯ ಕಡತ ಗ್ರಾಹಕನ ಕೈಗೆ ಸಿಗದಿದ್ದುದರಿಂದ ಅಪಾಚಿ ಸರ್ವರಿನ ‘ಎಚ್‌ಟಿ-ಆ್ಯಕ್ಸೆಸ್’ ಕಡತದಲ್ಲಿ ಬರೆಯಬೇಕಾಗುತ್ತಿತ್ತು; ಅಪಾಚಿಗೆ ಪಿಎಚ್‌ಪಿಯ ಸ್ಥಿರಾಂಕಗಳ ಹೆಸರು ತಿಳಿಯದ ಕಾರಣ ಅಲ್ಲಿ ಅಂಕಿಯನ್ನೇ ಕೊಡಬೇಕು. ಹೀಗೆ ಒಮ್ಮೆ ಬರೆದ 2047, ಎಂಜಿನ್ ಮುಂದೆ ಹೋದ ಮೇಲೂ ಹಾಗೆಯೇ ಉಳಿದು, ಹೊಸ ಬಗೆಯ ದೋಷಗಳನ್ನು ಸದ್ದಿಲ್ಲದೆ ನುಂಗುತ್ತಿತ್ತು.

ಪುಟದಲ್ಲೇ ದೋಷ ತೋರಿಸುವ ಪದ್ಧತಿ ಬರೆಯುವವನಿಗೆ ಅನುಕೂಲ, ನಡೆಯುತ್ತಿರುವ ತಾಣಕ್ಕೆ ಅಪಾಯ. ದತ್ತಾಂಶ ಸಂಚಯದ ಬಳಕೆದಾರ ಹೆಸರು, ಕಡತದ ಪೂರ್ಣ ವಿಳಾಸಗಳೆಲ್ಲ ದಾರಿಹೋಕನ ಕಣ್ಣಿಗೆ ಬೀಳುತ್ತಿದ್ದವು. ಇದಕ್ಕೆ ಮದ್ದು ಪ್ರದರ್ಶನವನ್ನು ನಿಲ್ಲಿಸಿ ಲಾಗನ್ನು ಚಾಲೂ ಮಾಡುವುದು. ಅವಸರದಲ್ಲಿದ್ದವರು ಮೊದಲನೆಯದನ್ನಷ್ಟೇ ಮಾಡಿ ಎರಡನೆಯದನ್ನು ಮರೆತರು, ಇಲ್ಲವೇ ಸಾಲಿನ ಮುಂದೆ ‘ಆ್ಯಟ್’ ಚಿಹ್ನೆ ಹಾಕಿ ದೋಷದ ಬಾಯಿ ಮುಚ್ಚಿಸಿದರು. ಪರಿಣಾಮ, ಗ್ರಾಹಕನ ಮುಂದೆ ಬರಿಯ ಬಿಳಿ ಪುಟ, ಮತ್ತು ಕಾರಣದ ಸುಳಿವೇ ಇಲ್ಲದ ತಂಡ. ದೋಷವನ್ನು ತಿದ್ದುವುದಕ್ಕಿಂತ ಅದರ ಸದ್ದಡಗಿಸುವುದು ಅಗ್ಗವಾಗಿ ಕಂಡ ಕಾಲ ಅದು.

ಕನ್ನಡದ ತಾಣಗಳಿಗೆ ಇದಕ್ಕೂ ಮೀರಿದ ತೊಡಕೊಂದಿತ್ತು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮೂಡಿಸುವ ವಿರಾಮ ಸಂಕೇತವೂ ಸೇರಿ ಐದು ಸಂಕೇತಗಳಿರುವುದರಿಂದ, ಬೈಟ್‌ಗಳನ್ನು ಎಣಿಸುವ ಎಂಜಿನ್ನಿಗೆ ಅದರ ಉದ್ದ 15. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬೆರೆಸಿ ಬರೆದ ಕಡತವನ್ನು ಯುಟಿಎಫ್-8 ಎಂದು ಉಳಿಸಿದರೆ, ಅಂದಿನ ನೋಟ್‌ಪ್ಯಾಡ್ ಅದರ ತಲೆಗೆ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಗುರುತನ್ನು ಅಂಟಿಸುತ್ತಿತ್ತು; ಅದನ್ನು ಎಂಜಿನ್ ಪುಟದ ಪಠ್ಯವೆಂದೇ ಭಾವಿಸಿ ಹೊರಗೆ ಕಳುಹಿಸಿಬಿಟ್ಟ ಮೇಲೆ, ಪಠ್ಯಕ್ಕೂ ಮುಂಚೆ ಹೆಡರ್‌ನಲ್ಲಿ ಹೋಗಬೇಕಾದ ಲಾಗಿನ್‌ನ ಕುಕಿ ಹೋಗಲಾಗದೆ, ‘ಹೆಡರ್‌ಗಳು ಆಗಲೇ ರವಾನೆಯಾಗಿವೆ’ ಎಂಬ ಎಚ್ಚರಿಕೆ ಮೊದಲನೇ ಸಾಲಿನತ್ತ ಬೆರಳು ತೋರುತ್ತಿತ್ತು. ಮೊದಲನೇ ಸಾಲಿನಲ್ಲಿ ನೋಡಿದವರಿಗೆ ಕಾಣುತ್ತಿದ್ದುದು ಸರಿಯಾದ ಆರಂಭ ಚಿಹ್ನೆ ಮಾತ್ರ. ಇಂಗ್ಲಿಷಿನಲ್ಲಷ್ಟೇ ಬರೆದು ಮಾಮೂಲಿ ರೂಪದಲ್ಲಿ ಉಳಿಸುತ್ತಿದ್ದವರಿಗೆ ಈ ಕಾಟವೇ ಇರಲಿಲ್ಲ.

ಲಾಗ್ ಕೂಡ ಕನ್ನಡಕ್ಕೆ ಸುಲಭವಾಗಿ ಒಗ್ಗಲಿಲ್ಲ. ಅಪಾಚಿ 2.0.49ರಿಂದ ಮುಂದೆ ದೋಷದ ಲಾಗ್‌ನಲ್ಲಿ ಆಸ್ಕಿಗೆ ಸೇರದ ಬೈಟ್‌ಗಳನ್ನು, ಭದ್ರತೆಯ ಕಾರಣಕ್ಕಾಗಿ, ಹದಿನಾರರ ಪದ್ಧತಿಯ ಅಂಕಿಗಳಾಗಿ ಬರೆಯತೊಡಗಿತು. ‘ಕ’ ಎಂಬ ಒಂದಕ್ಷರ ಅಲ್ಲಿ ಇ0, ಬಿ2, 95 ಎಂಬ ಮೂರು ತುಂಡುಗಳಾಗಿ ಬೀಳುತ್ತದೆ. ಇನ್ನು ದೋಷಸಂದೇಶದ ಗರಿಷ್ಠ ಉದ್ದವನ್ನು ಮಿತಿಗೊಳಿಸುತ್ತಿದ್ದ ಸೆಟ್ಟಿಂಗ್‌ನ ಪೂರ್ವನಿಗದಿತ ಮೌಲ್ಯ 1024 ಬೈಟ್. ಮೂರರಿಂದ ಭಾಗವಾಗದ ಈ ಸಂಖ್ಯೆಯಲ್ಲಿ ಹಿಡಿಯುವುದು 341 ಕನ್ನಡ ಸಂಕೇತಗಳು ಮತ್ತು ಮುಂದಿನದರ ಒಂದು ಚೂರು. ತಾಣ ಕನ್ನಡದಲ್ಲಿದ್ದರೂ ದೋಷಸಂದೇಶಗಳನ್ನು ಇಂಗ್ಲಿಷಿನಲ್ಲೇ ಬರೆಯುವ ರೂಢಿ ಗಟ್ಟಿಯಾದುದಕ್ಕೆ ಇಂಥ ಯಾಂತ್ರಿಕ ಕಾರಣಗಳ ಪಾಲೂ ಇದೆಯೆಂದು ಭಾವಿಸಬಹುದು. ಭಾಷಾಭಿಮಾನದ ಕೊರತೆಯೊಂದನ್ನೇ ದೂರುವುದು ನ್ಯಾಯವಲ್ಲ.

ಸಿದ್ಧ ಚೌಕಟ್ಟುಗಳು ಈ ಭಾರವನ್ನು ಕೊಂಚ ಇಳಿಸಿದವು. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ತಾಣಕ್ಕೆ ಆಧಾರವಾಗಿದ್ದ ದ್ರುಪಾಲ್ ತನ್ನ ದೋಷಗಳನ್ನು ದತ್ತಾಂಶ ಸಂಚಯದಲ್ಲೇ ದಾಖಲಿಸುತ್ತಿತ್ತು. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ, ಕೇಳಿಕೊಳ್ಳದ ಹೊರತು, ದೋಷದ ಒಳವಿವರವನ್ನು ಓದುಗನಿಗೆ ತೋರಿಸುವುದಿಲ್ಲ. ಪಿಎಚ್‌ಪಿಯೂ 2009ರ 5.3ರಲ್ಲಿ ಕಟ್ಟುವವರಿಗೊಂದು, ನಡೆಸುವವರಿಗೊಂದು ಎಂದು ಎರಡು ಮಾದರಿ ಕಡತಗಳನ್ನು ಸ್ಪಷ್ಟ ಹೆಸರಿನಲ್ಲಿ ಕೊಟ್ಟಿತು. ನವೆಂಬರ್ 2020ರ 8.0ರಲ್ಲಿ ‘ಇ-ಆಲ್’ ಪೂರ್ವನಿಗದಿತವಾಗಿ, ‘ಆ್ಯಟ್’ ಚಿಹ್ನೆಗೆ ಮಾರಕ ದೋಷವನ್ನು ಅಡಗಿಸುವ ಶಕ್ತಿ ಹೋಯಿತು. ಅದೇ ಆವೃತ್ತಿಯಲ್ಲಿ ನಿಷ್ಫಲವಾದ 1024 ಬೈಟ್‌ಗಳ ಮಿತಿಯನ್ನು 8.1ರಲ್ಲಿ ತೆಗೆದುಹಾಕಲಾಯಿತು. ಅಪಾಚಿಯ ಲಾಗ್ ಮಾತ್ರ ಇಂದಿಗೂ ಕನ್ನಡವನ್ನು ಅಂಕಿಗಳಾಗಿಯೇ ಬರೆಯುತ್ತದೆ. ಆದುದರಿಂದ ಕನ್ನಡ ತಾಣ ನಡೆಸುವವರು ‘ಎರರ್ ಲಾಗ್’ ಎಂಬ ಸೆಟ್ಟಿಂಗ್‌ಗೆ ಪ್ರತ್ಯೇಕ ಕಡತವೊಂದರ ವಿಳಾಸ ಕೊಟ್ಟು, ಆ ಕಡತವನ್ನು ಜಾಲದಿಂದ ತೆರೆಯಲಾಗದ ಜಾಗದಲ್ಲಿ ಇಡುವುದು ಒಳ್ಳೆಯದು. ಅಲ್ಲಿ ಕನ್ನಡದ ಸಂದೇಶ ಕನ್ನಡವಾಗಿಯೇ ಉಳಿಯುತ್ತದೆ.