ಆಯುಧಶಾಸನವೂ ಬಂದೂಕಿನ ಕೀಲೂ

ಪ್ರಾಚೀನ ನಾಗರಖಂಡವೆನಿಸಿದ ಶಿಕಾರಿಪುರ-ಸೊರಬ ಸೀಮೆಯಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಮಲ್ಲಿಕಾರ್ಜುನನ ದೇವಾಲಯದಿಂದ ಪ್ರಸಿದ್ಧವಾದ ತೊಗರ್ಸಿಯೂ ಈ ಸೀಮೆಗೇ ಸೇರಿದುದು. ತುರುಗಳನ್ನೂ ಊರನ್ನೂ ಕಾಯುವುದರಲ್ಲಿ ಮಡಿದವರ ಕೈಯಲ್ಲಿ ಆ ಕಲ್ಲುಗಳು ಬಿಲ್ಲನ್ನೂ ಕತ್ತಿಯನ್ನೂ ತೋರಿಸುತ್ತವೆ. ಅಂದು ಮಾನದ ಗುರುತಾಗಿದ್ದ ಆಯುಧವು ಅಪ್ಪಣೆಯ ವಸ್ತುವಾದುದು ಹೇಗೆ, ಶಾಸನದ ದೃಷ್ಟಿಯು ಕಡೆಗೆ ಬಂದೂಕಿನ ಒಂದು ಸಣ್ಣ ಕೀಲಿನವರೆಗೂ ಇಳಿದುದು ಹೇಗೆ ಎಂಬುದು ವಿಚಾರಾರ್ಹವಾಗಿದೆ. ಕಾಡುಹಂದಿಯಿಂದ ಪೈರನ್ನುಳಿಸಿಕೊಳ್ಳಲು ಕೋವಿಯನ್ನಿಟ್ಟುಕೊಂಡಿರುವ ಮಲೆನಾಡಿನ ಮನೆಗಳಿಗೆ ಇದು ಬರಿಯ ಕುತೂಹಲದ ಮಾತಲ್ಲ.

೧೮೫೭ರಲ್ಲಿ ಕುಂಪಣಿ ಸರಕಾರವು ಪ್ರಜೆಗಳ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲೊಲ್ಲದೆ ಆ ವರ್ಷದ ನವೆಂಬರಿನಲ್ಲಿ ಎದುರುನಿಂತರು. ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ೧೯ ಮಂದಿಯನ್ನು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲಿಯೇ, ಗಲ್ಲಿಗೇರಿಸಲಾಯಿತು. ಅವರ ಕಥೆಯು ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು. ಇತ್ತ ೧೮೬೧ರಲ್ಲಿ ಅದೇ ಆಂಗ್ಲರು ಕೊಡವರಿಗೆ ಆಯುಧಗಳ ವಿಷಯದಲ್ಲಿ ವಿನಾಯಿತಿಯನ್ನಿತ್ತರು. ಅಂದರೆ ಆಯುಧ ಎಂತಹದೆಂಬುದಕ್ಕಿಂತ ಅದು ಯಾರ ಕೈಯಲ್ಲಿದೆ ಎಂಬುದೇ ಆಗ ಮುಖ್ಯವಾಗಿತ್ತು. ಲಿಟ್ಟನ್ ಪ್ರಭುವಿನ ಕಾಲದ ೧೮೭೮ರ ಕಾಯಿದೆಯ ಆಡಳಿತದಲ್ಲಿಯೂ ದೇಶೀಯನು ಲೈಸೆನ್ಸಿಗೆ ಕೈಚಾಚಬೇಕಾಗಿತ್ತು, ಯುರೋಪಿಯನನಿಗೆ ವಿನಾಯಿತಿಯಿತ್ತು. ಈ ಅವಮಾನದ ನೆನಪಿನಿಂದಲೇ ೧೯೩೧ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯವು ನಿಯಮಾನುಸಾರವಾಗಿ ಆಯುಧವನ್ನು ಹೊಂದುವ ಹಕ್ಕನ್ನೂ ಎಣಿಸಿತು.

ಸ್ವತಂತ್ರ ಭಾರತದ ೧೯೫೯ರ ಆಯುಧ ಕಾಯಿದೆಯಲ್ಲಿ ವಸ್ತುವಿನ ಸ್ವರೂಪಕ್ಕೂ ಗಮನವು ಹರಿಯಿತು. ಪೈರಿನ ರಕ್ಷಣೆಗೆ ನಿಜವಾಗಿಯೂ ಬೇಕಾದ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡುವ ಮಾರ್ಗವನ್ನು ಅದರ ೧೩ನೆಯ ಕಲಮು ಸುಗಮಗೊಳಿಸಿತು. ಆದರೆ ಬೆರಳಿನಿಂದೊತ್ತುವ ಟ್ರಿಗರ್ ಎಂಬ ಕೀಲನ್ನು ಒತ್ತಿಹಿಡಿದಷ್ಟು ಕಾಲವೂ, ಅಥವಾ ಗುಂಡು ಮುಗಿಯುವವರೆಗೂ, ಹಾರುತ್ತಲೇ ಇರುವಂತೆ ರಚಿಸಿದ ಇಲ್ಲವೆ ಮಾರ್ಪಡಿಸಿದ ಬಂದೂಕು ನಿಷಿದ್ಧಾಯುಧವೆಂದು ಎರಡನೆಯ ಕಲಮು ಸಾರಿತು. ಇಲ್ಲಿ 'ಮಾರ್ಪಡಿಸಿದ' ಎಂಬ ಮಾತೇ ಮರ್ಮಸ್ಥಾನ. ಕೊಂಡಾಗ ನಿರ್ದೋಷವಾಗಿದ್ದ ಬಂದೂಕು ಕೀಲನ್ನು ತಿದ್ದಿದ ಮಾತ್ರಕ್ಕೆ ಬೇರೆ ಜಾತಿಯದಾಗಬಹುದು. ಐದನೆಯ ಕಲಮಿನಂತೆ ರೂಪಾಂತರಕ್ಕೂ ರಿಪೇರಿಗೂ ಲೈಸೆನ್ಸು ಬೇಕು. ಕೊಳವೆಯನ್ನು ಕಿರಿದುಮಾಡುವುದನ್ನು ಆರನೆಯ ಕಲಮು ಮೊದಲೇ ತಡೆದಿತ್ತು. ೨೦೧೯ರ ತಿದ್ದುಪಡಿಯು ಒಂದು ವರ್ಗದ ಬಂದೂಕನ್ನು ಮತ್ತೊಂದು ವರ್ಗಕ್ಕೆ ತಿರುಗಿಸುವುದನ್ನೂ ಅದಕ್ಕೆ ಸೇರಿಸಿ, ೭ ವರ್ಷಕ್ಕೆ ಕಡಿಮೆಯಿಲ್ಲದಂತೆ ಆಜೀವಪರ್ಯಂತದವರೆಗೂ ಸೆರೆವಾಸವನ್ನು ವಿಧಿಸಿತು.

ಶಬ್ದದ ಬಲವೆಷ್ಟೆಂಬುದಕ್ಕೆ ಅಮೆರಿಕೆಯ ನಿದರ್ಶನವುಂಟು. ಅಲ್ಲಿನ ೧೯೩೪ರ ಶಾಸನವು ಟ್ರಿಗರಿನ 'ಒಂದೇ ಕ್ರಿಯೆ'ಯಿಂದ ಹಲವು ಗುಂಡು ಹಾರಿಸುವುದನ್ನು ಯಂತ್ರಬಂದೂಕೆಂದಿತು. ೨೦೧೭ರ ಲಾಸ್ ವೇಗಾಸಿನ ಹತ್ಯಾಕಾಂಡದ ತರುವಾಯ, ಬಂಪ್ ಸ್ಟಾಕ್ ಎಂಬ ಜೋಡಣೆಯೂ ಅದರೊಳಗೇ ಬರುವುದೆಂದು ಸರಕಾರವು ೨೦೧೮ರಲ್ಲಿ ನಿಷೇಧಿಸಿತು. ಆ ಜೋಡಣೆಯಲ್ಲಿ ಪ್ರತಿ ಗುಂಡಿಗೂ ಕೀಲು ಬೇರೆಯಾಗಿಯೇ ಚಲಿಸುವುದರಿಂದ ಆ ಅರ್ಥವು ಸಲ್ಲದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ೨೦೨೪ರಲ್ಲಿ ತೀರ್ಪಿತ್ತಿತು.

ಹಲಗಲಿಯವರು ತಿಳಿದೇ ಶಾಸನಕ್ಕೆ ಎದುರಾದರು. ಅವರ ಮರಣಕ್ಕೆ ಕೀರ್ತಿಯಾದರೂ ದೊರೆಯಿತು. ತನ್ನ ಕೋವಿ ತನ್ನದೇ ಎಂದು ನಂಬಿ ಕೀಲನ್ನು ತಿದ್ದಿಸುವ ಗೃಹಸ್ಥನು ತಿಳಿಯದೆ ಎದುರಾಗುತ್ತಾನೆ. ಅವನಿಗೆ ದೊರೆಯುವುದು ಸೆರೆಮನೆಯೊಂದೇ. ಲೈಸೆನ್ಸು ಕೋವಿಯನ್ನಿಟ್ಟುಕೊಳ್ಳಲು ಕೊಟ್ಟ ಅನುಜ್ಞೆಯೇ ಹೊರತು, ಅದರ ಜಾತಿಯನ್ನು ಬದಲಿಸಲು ಕೊಟ್ಟ ಅನುಜ್ಞೆಯಲ್ಲ.