ಅಪ್ಪನ ಹಸಿವು, ಮಗನ ಖಾತೆಗೆ

ಇವತ್ತಿನ ಎಪಿಸೋಡನ್ನ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಒಬ್ಬ ಸೈನಿಕ ಶತ್ರುಗಳ ಸೆರೆಯಲ್ಲಿ ಹಸಿವಿನಿಂದ ನರಳಿದ. ಬಿಡುಗಡೆಯಾಗಿ ಊರಿಗೆ ಬಂದ, ಮೈಕೈ ತುಂಬಿಕೊಂಡ, ಆಮೇಲೆ ಅವನಿಗೆ ಮಗ ಹುಟ್ಟಿದ. ಆ ಮಗ ಹೊಟ್ಟೆತುಂಬ ಉಂಡೇ ಬೆಳೆದ. ಹಾಗಿದ್ರೂ ಅಪ್ಪ ಅನುಭವಿಸಿದ ಹಸಿವು ಮಗನ ಆಯಸ್ಸಿಗೆ ಕತ್ತರಿ ಹಾಕಬಹುದಾ?

ಹಾಕಬಹುದು ಅಂತ ಹೇಳುವ ಒಂದು ಅಧ್ಯಯನ 2018ರಲ್ಲಿ ಬಂತು. ಅದರ ಮುಂದಾಳು ಡಾಕ್ಟರ್ ಅಲ್ಲ, ಡೋರಾ ಕೋಸ್ಟಾ ಅನ್ನೋ ಅರ್ಥಶಾಸ್ತ್ರಜ್ಞೆ. ಬಿ.ಕಾಂ. ಮಾಡಿದ ನನಗೆ ಇದೊಂದು ಕಾರಣಕ್ಕೇ ಕಥೆ ಇನ್ನೂ ಹತ್ತಿರ ಆಯ್ತು.

ಮೊದಲು ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಹೋಗೋಣ. ಉತ್ತರದ ಯೂನಿಯನ್, ದಕ್ಷಿಣದ ಕಾನ್ಫೆಡರೇಟ್. 1862ರಲ್ಲಿ ಎರಡೂ ಕಡೆಯವರು ಒಂದು ಒಪ್ಪಂದ ಮಾಡ್ಕೊಂಡಿದ್ರು: ನಿಮ್ಮ ಸೆರೆಯಾಳು ನಿಮಗೆ, ನಮ್ಮವರು ನಮಗೆ. 1863ರ ಮಧ್ಯದಲ್ಲಿ ಅದು ಮುರಿದು ಬಿತ್ತು. ಯೂನಿಯನ್ ಸೇನೆಯ ಕಪ್ಪು ಸೈನಿಕರನ್ನ ಬೇರೆ ಸೈನಿಕರ ಹಾಗೆ ಬಿಟ್ಟುಕೊಡೋಕೆ ದಕ್ಷಿಣದವರು ಒಪ್ಪದೇ ಇದ್ದದ್ದು ಅದಕ್ಕೆ ದೊಡ್ಡ ಕಾರಣ. ಸೆರೆಯಾಳುಗಳು ಹೊರಗೆ ಹೋಗೋದು ನಿಂತಿತು, ಒಳಗೆ ಬರೋರು ಬರ್ತಾನೇ ಇದ್ರು.

ಜಾರ್ಜಿಯಾದ ಆ್ಯಂಡರ್ಸನ್‌ವಿಲ್ ಶಿಬಿರ ಶುರುವಾಗಿದ್ದು 1864ರ ಫೆಬ್ರವರಿಯಲ್ಲಿ. ಮರದ ದಿಮ್ಮಿಗಳ ಬೇಲಿ, ಒಳಗೆ ಬಯಲು. 10,000 ಜನರಿಗೆ ಅಂತ ಮಾಡಿದ ಜಾಗದಲ್ಲಿ ಆಗಸ್ಟ್ ಹೊತ್ತಿಗೆ 30,000ಕ್ಕೂ ಹೆಚ್ಚು ಜನ. ನೀರಿಗೆ ಒಂದೇ ತೊರೆ. ಕುಡಿಯೋಕೂ ಅದೇ, ಕಕ್ಕಸಿಗೂ ಅದೇ. ಊಟ ಅಂದ್ರೆ ಮುಖ್ಯವಾಗಿ ಒರಟು ಜೋಳದ ಹಿಟ್ಟು. ಭೇದಿ, ಜೊತೆಗೆ ಹಣ್ಣು-ತರಕಾರಿ ಇಲ್ಲದೆ ಬರುವ ಸ್ಕರ್ವಿ. 14 ತಿಂಗಳಲ್ಲಿ ಅಲ್ಲಿಗೆ ಬಂದ ಸುಮಾರು 45,000 ಜನರಲ್ಲಿ ಹೆಚ್ಚುಕಡಿಮೆ 13,000 ಜನ ಸತ್ತರು. ಅದು ಲೆಕ್ಕ ಬರೆದಿಟ್ಟಿದ್ದರಿಂದ ಗೊತ್ತಾಗಿದ್ದು. ಡೋರೆನ್ಸ್ ಆಟ್ವಾಟರ್ ಅನ್ನೋ ಹರೆಯದ ಕೈದಿಯನ್ನ ಸಾವಿನ ರಿಜಿಸ್ಟರ್ ಬರೆಯೋಕೆ ಹಾಕಿದ್ರು. ಅವನು ಗುಟ್ಟಾಗಿ ಇನ್ನೊಂದು ಪ್ರತಿ ಬರೆದು ಹೊರಗೆ ತಂದ.

ಬದುಕಿ ಬಂದವರಿಗೆ ಸರ್ಕಾರ ಪೆನ್ಷನ್ ಕೊಟ್ಟಿತು. ಪೆನ್ಷನ್ ಅಂದ್ಮೇಲೆ ಫೈಲ್ ಇರುತ್ತೆ: ಯಾವಾಗ ಸೆರೆಯಾದ, ಮದುವೆ ಯಾವಾಗ, ಮಕ್ಕಳು ಎಷ್ಟು. ಸುಮಾರು ಒಂದೂವರೆ ಶತಮಾನ ಆದ್ಮೇಲೆ ಕೋಸ್ಟಾ ತಂಡ ಇಂಥ ದಾಖಲೆಗಳನ್ನ ಹಿಡಿದು, 45 ವರ್ಷ ದಾಟಿದ ಸಾವಿರಾರು ಮಕ್ಕಳು ಯಾವಾಗ ಸತ್ತರು ಅಂತ ಹುಡುಕಿತು.

ಸಿಕ್ಕಿದ್ದು ಏನು? ವಿನಿಮಯ ನಿಂತ ಕೆಟ್ಟ ಕಾಲದಲ್ಲಿ ಸೆರೆಯಲ್ಲಿದ್ದವರ ಗಂಡುಮಕ್ಕಳಿಗೆ, ಸೆರೆಯಾಗದ ಸೈನಿಕರ ಗಂಡುಮಕ್ಕಳಿಗಿಂತ ಸಾವಿನ ಅಪಾಯ ಸುಮಾರು 11% ಜಾಸ್ತಿ. ಅದಕ್ಕೂ ಮೊದಲು, ಪರಿಸ್ಥಿತಿ ಪರವಾಗಿಲ್ಲ ಅನ್ನುವಾಗ ಸೆರೆಯಾದವರ ಮಕ್ಕಳಿಗೆ ಹೋಲಿಸಿದರೂ 9% ಜಾಸ್ತಿ. ಹೆಣ್ಣುಮಕ್ಕಳಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಈಗ ನೀವು ಕೇಳಬಹುದು: ನೊಂದ ಅಪ್ಪ ಮನೆಯಲ್ಲಿ ಸಿಡುಕಿರಬಹುದು, ಕುಡಿದಿರಬಹುದು, ದುಡಿಯೋಕೆ ಆಗದೆ ಬಡತನ ಬಂದಿರಬಹುದು, ಅದರ ಪರಿಣಾಮ ಯಾಕಾಗಿರಬಾರದು? ಒಳ್ಳೇ ಪ್ರಶ್ನೆ. ಆದರೆ ಹಾಗಿದ್ದಿದ್ರೆ ಹೆಣ್ಣುಮಕ್ಕಳಿಗೂ ತಟ್ಟಬೇಕಿತ್ತು. ಯುದ್ಧಕ್ಕೆ ಮುಂಚೆ ಹುಟ್ಟಿದ ಅಣ್ಣಂದಿರಿಗೂ ಅದೇ ಅಪ್ಪ, ಅದೇ ಮನೆ. ಆದರೂ ಯುದ್ಧದ ನಂತರ ಹುಟ್ಟಿದ ತಮ್ಮಂದಿರ ಆಯಸ್ಸೇ ಕಮ್ಮಿ. ಮನೆಯ ಹಣಕಾಸು, ಅಪ್ಪ-ಅಮ್ಮನ ಸಂಸಾರದ ಸ್ಥಿತಿ ಇವನ್ನೂ ಲೆಕ್ಕಕ್ಕೆ ತಗೊಂಡು ನೋಡಿದ್ರೂ ಈ ವ್ಯತ್ಯಾಸ ಹೋಗಲಿಲ್ಲ.

ಹಾಗಾದ್ರೆ ದಾರಿ ಯಾವುದು? ಸಂಶೋಧಕರು ಬೆರಳು ತೋರಿಸೋದು ಎಪಿಜೆನೆಟಿಕ್ಸ್ ಕಡೆ. ಡಿಎನ್‌ಎಯನ್ನ ಒಂದು ಅಡುಗೆ ಪುಸ್ತಕ ಅನ್ಕೊಳ್ಳಿ. ಅಕ್ಷರ ಬದಲಾಗಲ್ಲ, ಆದರೆ 'ಇದು ಮಾಡು, ಇದು ಬೇಡ' ಅಂತ ಅಂಚಿನಲ್ಲಿ ಪೆನ್ಸಿಲ್ ಗುರುತು ಇರುತ್ತೆ. ಮಿಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳೋದು ಅಂಥ ಒಂದು ಗುರುತು. ವೀರ್ಯಾಣುವಿನಲ್ಲಿ ಸಣ್ಣ ಆರ್‌ಎನ್‌ಎಗಳೂ ಸಾಗುತ್ತವೆ. ಗಂಡು ಇಲಿಗೆ ಪ್ರೋಟೀನ್ ಕಡಿಮೆ ಕೊಟ್ಟರೆ, ಮರಿಗಳ ಯಕೃತ್ತಿನ ಜೀನ್‌ಗಳು ಕೆಲಸ ಮಾಡುವ ರೀತಿ ಬದಲಾಗಿದ್ದನ್ನ 2010ರಲ್ಲೇ ತೋರಿಸಿದ್ದಾರೆ.

ಆದರೆ ಮನುಷ್ಯರ ವಿಷಯದಲ್ಲಿ ಇದು ಇನ್ನೂ ಸಾಬೀತಾಗಿಲ್ಲ. ಭ್ರೂಣ ರೂಪುಗೊಳ್ಳುವಾಗ ಈ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ. 1864ರ ಕೈದಿಗಳ ವೀರ್ಯಾಣು ಪರೀಕ್ಷೆ ಮಾಡೋಕೂ ಸಾಧ್ಯ ಇಲ್ಲ. ನಮ್ಮ ಹತ್ತಿರ ಇರೋದು ಫೈಲುಗಳ ಸಾಕ್ಷಿ ಮಾತ್ರ.

ಆ ಫೈಲುಗಳಲ್ಲೇ ಇನ್ನೊಂದು ವಿಷಯ ಇದೆ, ನನ್ನ ಪ್ರಕಾರ ಇಡೀ ಅಧ್ಯಯನದಲ್ಲಿ ಮುಖ್ಯವಾದದ್ದು. ಏಪ್ರಿಲ್‌ನಿಂದ ಜೂನ್ ಒಳಗೆ ಹುಟ್ಟಿದ ಗಂಡುಮಕ್ಕಳಲ್ಲಿ, ಅಂದರೆ ಬಸುರಿ ತಾಯಿಗೆ ಚಳಿಗಾಲದಲ್ಲಿ ಸರಿಯಾದ ಪೌಷ್ಟಿಕ ಆಹಾರ ಸಿಗದವರಲ್ಲಿ, ಅಪಾಯ ಸುಮಾರು 20%ಕ್ಕೆ ಏರಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಹುಟ್ಟಿದವರಲ್ಲಿ, ತಾಯಿಗೆ ಊಟ ಚೆನ್ನಾಗಿ ಸಿಕ್ಕಿತ್ತು, ಅಪ್ಪನ ಸೆರೆವಾಸದ ಪರಿಣಾಮವೇ ಇಲ್ಲ! ಅಂದ್ರೆ ಇದು ಹಣೆಬರಹ ಅಲ್ಲ. ಅಪ್ಪನ ಕಡೆಯಿಂದ ಬಂದ ಸಾಲವನ್ನ ಅಮ್ಮನ ತಟ್ಟೆ ತೀರಿಸಬಹುದು ಅನ್ನೋ ಹಾಗೆ ಕಾಣುತ್ತೆ.

ನಮ್ಮ ಮನೆಗಳಲ್ಲಿ ಮಗುವಿನ ಆರೋಗ್ಯ ಅಂದ ಕೂಡಲೇ ಎಲ್ಲರ ಕಣ್ಣು ಬಸುರಿಯ ಮೇಲೆ. 'ಅದು ತಿನ್ಬೇಡ, ಇದು ಮಾಡ್ಬೇಡ.' ಮಗು ಸ್ವಲ್ಪ ಸೊರಗಿದ್ರೂ ಮಾತು ಕೇಳೋಳು ಅವಳೇ. ಗಂಡನ್ನ ಯಾರೂ ಏನೂ ಕೇಳಲ್ಲ. ಈ ಹಳೇ ಪೆನ್ಷನ್ ಫೈಲುಗಳು ಗಂಡಸರನ್ನೂ ಲೆಕ್ಕಕ್ಕೆ ತಂದಿವೆ. ತಪ್ಪು ಹೊರಿಸೋಕೆ ಅಲ್ಲ. ಆ್ಯಂಡರ್ಸನ್‌ವಿಲ್‌ನಲ್ಲಿ ಹಸಿದವರು ಹಸಿವನ್ನ ಆರಿಸ್ಕೊಂಡಿರಲಿಲ್ಲ. ಯುದ್ಧ ಯಾವಾಗ ಮುಗೀತು ಅಂತ ಪುಸ್ತಕದಲ್ಲಿ 1865 ಅಂತ ಓದ್ತೀವಲ್ಲ, ಕೆಲವು ಮನೆಗಳಲ್ಲಿ ಅದು ಇನ್ನೊಂದು ತಲೆಮಾರು ನಡೀತು.

ನಿಮಗೇನನ್ನಿಸ್ತು, ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ವಾರ ಸಿಗೋಣ.