ನೀಲಿ ಅಕ್ಷರ, ಕೆಳಗೊಂದು ಗೆರೆ

ಇಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟ್ ರಿಪೋರ್ಟನ್ನು ವರ್ಡಿನಲ್ಲಿ ಟೈಪಿಸಿ, ಚಿತ್ರ, ಕೋಡು ಎಲ್ಲದಕ್ಕೂ ಕಂಟ್ರೋಲ್-ಕೆ ಒತ್ತಿ ಒಂದೊಂದು ಕೊಂಡಿ ಹಾಕಿದ್ದೆ. ಪುಟದ ತುಂಬ ನೀಲಿಯೋ ನೀಲಿ. ಆ ಕಡತವೊಂದನ್ನೇ ಪೆನ್ ಡ್ರೈವಿನಲ್ಲಿ ಒಯ್ದು ಗೈಡ್ ಮೇಡಂ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಕೊಂಡಿಯೂ ತೆರೆದುಕೊಳ್ಳಲಿಲ್ಲ! ಎಲ್ಲವೂ ನನ್ನ ಲ್ಯಾಪ್‌ಟಾಪಿನ ಫೋಲ್ಡರಿನತ್ತ ಬೆರಳು ತೋರಿಸುತ್ತಾ ಕೂತಿದ್ದವು. "ಬಣ್ಣ ಮಾತ್ರ ಚೆನ್ನಾಗಿದೆ ಕಣಪ್ಪ" ಅಂದರು ಮೇಡಂ. ಆಮೇಲೆ ಈ ನೀಲಿ ಗೆರೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ ಕತೆ ಇದು.

ಕೊಂಡಿ ಹುಟ್ಟಿದ್ದು ಅಂತರ್ಜಾಲದಲ್ಲಿ, ಆಮೇಲೆ ವರ್ಡಿಗೆ ಬಂತು ಅಂತಲೇ ನಾನು ತಿಳಿದಿದ್ದೆ. ನೋಡಿದರೆ ಅದರ ತವರುಮನೆ ಬರೆಯುವ ತಂತ್ರಾಂಶವೇ.

'ಹೈಪರ್‌ಟೆಕ್ಸ್ಟ್' ಎಂಬ ಪದವನ್ನು 1965ರಲ್ಲಿ ಬಳಕೆಗೆ ತಂದವರು ಅಮೆರಿಕದ ಟೆಡ್ ನೆಲ್ಸನ್. 1968ರ ಡಿಸೆಂಬರ್ 9ರಂದು ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಸುಮಾರು 90 ನಿಮಿಷ ತಮ್ಮ ಯಂತ್ರವನ್ನು ಪ್ರದರ್ಶಿಸಿದರು. ತೆರೆಯ ಮೇಲೆ ದಿನಸಿ ಪಟ್ಟಿ ಟೈಪಿಸಿದರು, ತಿದ್ದಿದರು, ಸಾಲುಗಳನ್ನು ಆಚೀಚೆ ಮಾಡಿದರು, ಕೊಂಡಿ ಹಿಡಿದು ಬೇರೆ ಕಡೆಗೆ ಜಿಗಿದರು. ಜನ ಮೌಸ್ ನೋಡಿದ್ದೂ ಅಲ್ಲಿಯೇ. ಬರೆಯುವುದು, ತಿದ್ದುವುದು, ಜೋಡಿಸುವುದು ಎಲ್ಲಾ ಒಂದೇ ಕಡೆ!

1990ರಲ್ಲಿ ಜಿನೀವಾ ಬಳಿಯ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರ್ ಕೂಡ ಹೀಗೆಯೇ ಇತ್ತು. ಅದು ಓದುವ ಕಿಟಕಿಯೂ ಹೌದು, ಬರೆಯುವ ಹಾಳೆಯೂ ಹೌದು. ಒಂದು ಪುಟವನ್ನು ಗುರುತು ಮಾಡಿಕೊಂಡು, ಇನ್ನೊಂದರಲ್ಲಿ ಪದ ಆರಿಸಿ, ಮೆನುವಿನಿಂದ ಎರಡನ್ನೂ ಜೋಡಿಸಿದರೆ ಆಯಿತು. ವಿಳಾಸ ಟೈಪಿಸುವ ರಗಳೆಯೇ ಇಲ್ಲ. ಆದರೆ ಅದು ಓಡುತ್ತಿದ್ದದ್ದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ. ಅದು ಎಷ್ಟು ಜನರ ಬಳಿ ಇದ್ದೀತು ಹೇಳಿ? 1993ರಲ್ಲಿ ಜನಪ್ರಿಯವಾದ ಮೊಸಾಯಿಕ್ ಬ್ರೌಸರಿನಲ್ಲಿ ಪುಟಗಳನ್ನು ಓದಬಹುದಿತ್ತು, ತಿದ್ದುವಂತಿರಲಿಲ್ಲ. ನೀಲಿ ಬಣ್ಣ ಮತ್ತು ಅಡಿಗೆರೆಯನ್ನು ಊರಿಗೆಲ್ಲ ಹಂಚಿದ್ದೂ ಇದೇ ಮೊಸಾಯಿಕ್. ಓದುವವನು ಒಂದು ಕಡೆ, ಬರೆಯುವವನು ಇನ್ನೊಂದು ಕಡೆ ಆಗಿಬಿಟ್ಟರು.

ವರ್ಡ್ 97ರಲ್ಲಿ ಕೊಂಡಿ ಹಾಕುವ ಆಯ್ಕೆ ಇನ್ಸರ್ಟ್ ಮೆನುವಿಗೆ ಬಂತು. ಬರೆಯುವ ಹಾಳೆಗೆ ಕೊಂಡಿ ಮರಳಿ ಬಂತೇನೋ ನಿಜ, ಆದರೆ ಮೊಸಾಯಿಕ್ಕಿನ ವೇಷದಲ್ಲಿ. ವರ್ಡಿನಲ್ಲಿ ಬಣ್ಣ ಮತ್ತು ಗೆರೆ 'ಹೈಪರ್‌ಲಿಂಕ್' ಎಂಬ ಸ್ಟೈಲಿನವು, ವಿಳಾಸವೇ ಬೇರೆ. ಗೆರೆ ತೆಗೆದರೂ ಕೊಂಡಿ ಇರುತ್ತದೆ. ಕೊಂಡಿ ಸತ್ತರೂ ಗೆರೆ ಹಾಗೇ ಹೊಳೆಯುತ್ತಿರುತ್ತದೆ. ನಾನು ಬಿದ್ದ ಹಳ್ಳ ಇದೇ ನೋಡಿ!

ನೆಲ್ಸನ್ ಕಂಡ ಕನಸಿನಲ್ಲಿ ಕೊಂಡಿ ಎರಡೂ ತುದಿಗೆ ಕಟ್ಟಿರಬೇಕಿತ್ತು. ವೆಬ್ಬಿನ ಕೊಂಡಿಗೆ ಒಂದೇ ತುದಿ. ಯಾರ ಅನುಮತಿಯೂ ಇಲ್ಲದೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಂಡಿ ಹಾಕಬಹುದು, ವೆಬ್ಬು ಅಷ್ಟು ಬೇಗ ಬೆಳೆದದ್ದಕ್ಕೆ ಅದೂ ಒಂದು ಕಾರಣ. ಆದರೆ ಆ ಕಡೆಯವರು ಮನೆ ಖಾಲಿ ಮಾಡಿದರೆ ಈ ಕಡೆಯವರಿಗೆ ಸುದ್ದಿಯೇ ಬರುವುದಿಲ್ಲ. 2009ರಲ್ಲಿ ಯಾಹೂ ಕಂಪನಿ ಜಿಯೋಸಿಟೀಸ್ ಮುಚ್ಚಿದಾಗ, ಅಲ್ಲಿಗೆ ಬೆರಳು ತೋರುತ್ತಿದ್ದ ಕೊಂಡಿಗಳೆಲ್ಲ ನೀಲಿಯಾಗಿಯೇ ಉಳಿದವು, ಹಿಂದಿದ್ದ ಪುಟಗಳು ಮಾತ್ರ ಇರಲಿಲ್ಲ.

ಈಗ ಯಾವ ಕಡತ ಕಳಿಸುವಾಗಲೂ ಇನ್ನೊಂದು ಕಂಪ್ಯೂಟರಿನಲ್ಲಿ ಒಮ್ಮೆ ಕ್ಲಿಕ್ಕಿಸಿ ನೋಡುತ್ತೇನೆ. 'ಇಲ್ಲಿ ಒತ್ತಿ' ಅಂತ ಬರೆಯದೆ, ಏನಿದೆ, ಯಾರದು ಅಂತ ಹೆಸರು ಬರೆದು ಅದಕ್ಕೇ ಕೊಂಡಿ ಹಾಕುತ್ತೇನೆ. ನಾಳೆ ಕೊಂಡಿ ಕಡಿದರೂ ಓದುವವರಿಗೆ ಹುಡುಕಲು ಆ ಹೆಸರಾದರೂ ಉಳಿಯುತ್ತದಲ್ಲ...